ಇನ್ನೂರು ಕಿಲೋಮೀಟರ್ ಸವಾರಿ, ದಾರಿಯಲ್ಲಿ ಊಟ ಯಾರದು?

2025ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ಗೆ 'ಏಡ್ಸ್ ಲೈಫ್‌ಸೈಕಲ್' ಕೊನೆಯ ಸಲ ಹೊರಟಿತು. ಏಳು ದಿನ, 545 ಮೈಲಿ, ಅಂದ್ರೆ ಸುಮಾರು 877 ಕಿಲೋಮೀಟರ್. 1994ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಈ ಸವಾರಿ ಏಡ್ಸ್ ರೋಗಿಗಳ ಸೇವೆಗೆ ಒಟ್ಟು 30 ಕೋಟಿ ಡಾಲರ್‌ಗೂ ಹೆಚ್ಚು ಹಣ ತಂದಿತ್ತು. ಹಾಗಿದ್ರೂ ನಿಂತಿತು. ಖರ್ಚು ಏರ್ತಾ ಇತ್ತು, ಬರೋ ಸವಾರರು ಕಡಿಮೆ ಆಗ್ತಾ ಇದ್ದರು.

ಇದೇ ಬೇ ಏರಿಯಾದಲ್ಲಿ ಇನ್ನೊಂದು ಥರದ ಸವಾರಿ ಇದೆ. ಅಲ್ಲಿ ಟೆಂಟ್ ಇಲ್ಲ, ಊಟ ಇಲ್ಲ, ಹಿಂದೆ ಬರೋ ವ್ಯಾನ್ ಇಲ್ಲ. ಅದರ ನಿಯಮಗಳಿಗೆ ನೂರು ವರ್ಷ ದಾಟಿದೆ, ಇವತ್ತಿಗೂ ಆರಾಮಾಗಿ ನಡೀತಿದೆ. ದೂರದ ಸವಾರಿಗಳನ್ನು ಹೋಲಿಸುವಾಗ ಎಲ್ಲರೂ ಮೈಲಿ ಎಷ್ಟು, ಏರು ಎಷ್ಟು ಅಂತ ಕೇಳ್ತಾರೆ. ನನಗೇನೋ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇದು ಅನ್ಸುತ್ತೆ: ದಣಿದವನಿಗೆ ನೀರು ಕೊಡೋರು ಯಾರು, ಆ ನೀರಿನ ದುಡ್ಡು ಯಾರದು?

ಏನೂ ಕೊಡದ ಸವಾರಿಯಿಂದಲೇ ಶುರು ಮಾಡೋಣ. ಅದರ ಹೆಸರು ಬ್ರೆವೆ. 1897ರ ಜೂನ್‌ನಲ್ಲಿ ಇಟಲಿಯ ಒಂದು ಗುಂಪು ರೋಮ್‌ನಿಂದ ನೇಪಲ್ಸ್‌ವರೆಗೆ, ಸುಮಾರು 230 ಕಿಲೋಮೀಟರ್, ಹಗಲು ಮುಗಿಯೋದರೊಳಗೆ ಹೋಗಬೇಕು ಅಂತ ಹೊರಟಿತು. ಅವರನ್ನು 'ಆಡಾಕ್ಸ್' ಅಂದರು. ಲ್ಯಾಟಿನ್‌ನಲ್ಲಿ ಅದರ ಅರ್ಥ ಎದೆಗಾರ. 1904ರಲ್ಲಿ ಹೆನ್ರಿ ದೆಗ್ರಾಂಜ್ ಇದನ್ನು ಫ್ರಾನ್ಸ್‌ಗೆ ತಂದ. ಹಿಂದಿನ ವರ್ಷವಷ್ಟೇ ಟೂರ್ ದ ಫ್ರಾನ್ಸ್ ಶುರು ಮಾಡಿದ್ದ ಪತ್ರಿಕಾ ಸಂಪಾದಕ ಅವನು. ಅವನ ಪದ್ಧತಿಯಲ್ಲಿ ಎಲ್ಲರೂ ಒಟ್ಟಿಗೇ ಹೋಗಬೇಕು. ಮುಂದೆ ಒಬ್ಬ ಕ್ಯಾಪ್ಟನ್, ಅವನನ್ನು ದಾಟೋ ಹಾಗಿಲ್ಲ. ಒಂಥರಾ ಶಾಲೆ ಮಕ್ಕಳ ಪ್ರವಾಸ.

1921ರ ಹೊತ್ತಿಗೆ ದೆಗ್ರಾಂಜ್‌ಗೂ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್‌ಗೂ ಜಗಳ ಆಯ್ತು. ಕ್ಲಬ್‌ನವರು ಬೇರೆಯದೇ ಸವಾರಿ ಶುರು ಮಾಡಿದರು: ನಿಮ್ಮ ವೇಗದಲ್ಲಿ ನೀವು ಹೋಗಿ, ಆದರೆ ನಿಮ್ಮನ್ನು ನೀವೇ ನೋಡ್ಕೊಳ್ಳಿ. ಈಗ ಪ್ರಪಂಚದ ತುಂಬ ನಡೆಯೋ ಬ್ರೆವೆಗಳ ಮೂಲ ಇದು. 200 ಕಿಲೋಮೀಟರ್‌ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಲೆಕ್ಕ ಹಾಕಿದರೆ ಗಂಟೆಗೆ 15 ಕಿಲೋಮೀಟರ್ ಆಸುಪಾಸು. ಕಡಿಮೆ ಅನ್ಸುತ್ತೆ ಅಲ್ವಾ? ಆದರೆ ಊಟ, ಪಂಕ್ಚರ್, ನಿದ್ದೆ ಎಲ್ಲಾ ಅದರೊಳಗೇ ಬರಬೇಕು. ತೀರಾ ಬೇಗ ಹೋದರೂ ಪ್ರಯೋಜನ ಇಲ್ಲ, ಮುಂದಿನ ಕಂಟ್ರೋಲ್ ಇನ್ನೂ ತೆರೆದಿರಲ್ಲ. ಮುಗಿಸಿದವರಿಗೆ ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತೇನೂ ಇಲ್ಲ.

ನಮ್ಮಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ರಾಂಡನಿಯರ್ಸ್ ಇದನ್ನು ನಡೆಸ್ತಾರೆ. ಅವರ ಹೆಸರಾಂತ 200 ಕಿಲೋಮೀಟರ್ ದಾರಿ ಗೋಲ್ಡನ್ ಗೇಟ್ ಸೇತುವೆಯಿಂದ ಪಾಯಿಂಟ್ ರೇಯ್ಸ್ ದೀಪಸ್ತಂಭಕ್ಕೆ ಹೋಗಿ, ಮಾರ್ಷಲ್ ಎಂಬ ಪುಟ್ಟ ಊರು ಮುಟ್ಟಿ ವಾಪಸ್ ಬರುತ್ತೆ. ಮಾರ್ಷಲ್‌ನ ಅಂಗಡಿಯಲ್ಲಿ ಏನಾದರೂ ಕೊಂಡು ಬಿಲ್ ಇಟ್ಕೊಂಡ್ರೆ ಅದೇ ಸಾಕ್ಷಿ. ಬಹಳ ಜನ ಅಲ್ಲಿ ಚಿಪ್ಪುಮೀನಿನ ಸೂಪ್ ಕುಡೀತಾರೆ. ನಮ್ಮಂಥ ಸಸ್ಯಾಹಾರಿಗಳು ಜೇಬಲ್ಲಿ ಚಪಾತಿ ಸುರುಳಿ ಇಟ್ಕೊಂಡು ಹೋಗೋದು ವಾಸಿ.

ಬೆಂಗಳೂರಿನ ಬ್ರೆವೆಯಲ್ಲೂ ಇದೇ ನಿಯಮ. ಅಲ್ಲಿ ಬಿಲ್ ಬದಲು ಎಷ್ಟೋ ಸಲ ಎಟಿಎಂ ಚೀಟಿ ನಡೆಯುತ್ತೆ. ಮಧ್ಯರಾತ್ರಿ ಹೆದ್ದಾರಿ ಪಕ್ಕದ ಎಟಿಎಂ ಮುಂದೆ ಹೆಲ್ಮೆಟ್ ಹಾಕ್ಕೊಂಡು ನಾಲ್ಕು ಜನ ಸಾಲು ನಿಂತಿದ್ದರೆ ಕಾವಲಿನವನಿಗೆ ಗಾಬರಿ ಆಗದೆ ಇರುತ್ತಾ?

ಇದಕ್ಕೆ ತದ್ವಿರುದ್ಧ ಸೆಂಚುರಿ. ಇದು ಕೊಹ್ಲಿಯ ಸೆಂಚುರಿ ಅಲ್ಲ, ನೂರು ಮೈಲಿ, ಅಂದ್ರೆ 160 ಕಿಲೋಮೀಟರ್. ವೆಸ್ಟರ್ನ್ ವೀಲರ್ಸ್‌ನ ಸಿಕೋಯ ಸೆಂಚುರಿ, ಆಲ್ಮಡೆನ್ ಸೈಕಲ್ ಟೂರಿಂಗ್ ಕ್ಲಬ್‌ನ ಟಿಯೆರಾ ಬೆಯಾ, ಈಸ್ಟ್ ಬೇಯಲ್ಲಿ ಗ್ರಿಜ್ಲಿ ಪೀಕ್, ಹೀಗೆ ಒಂದೊಂದು ಕ್ಲಬ್‌ಗೂ ಒಂದೊಂದು. ದಾರಿಯುದ್ದಕ್ಕೂ ಮೇಜು ಹಾಕಿ ಹಣ್ಣು, ಸ್ಯಾಂಡ್‌ವಿಚ್, ಉಪ್ಪು ಹಾಕಿದ ಆಲೂಗಡ್ಡೆ. ಬಡಿಸೋರು ಕ್ಲಬ್ಬಿನ ಸದಸ್ಯರೇ, ಸಂಬಳ ಇಲ್ಲ. ನೋಡೋಕೆ ನಮ್ಮ ಜಾತ್ರೆಯ ಅರವಟ್ಟಿಗೆ ಥರಾನೇ. ವ್ಯತ್ಯಾಸ ಒಂದೇ, ತಿನ್ನೋರು ಮೊದಲೇ ದುಡ್ಡು ಕಟ್ಟಿರ್ತಾರೆ. ಬಡಿಸೋ ಕೈಗಳು ಇರೋವರೆಗೆ ಸೆಂಚುರಿ ಇರುತ್ತೆ.

ಗ್ರಾನ್ ಫೊಂಡೊ ಇಟಲಿಯದು. ಚೆಸೆನಾಟಿಕೊ ಊರಿನ ನೋವೆ ಕೊಲ್ಲಿ 1971ರಿಂದ ಇದೆ. ಸಾವಿರಾರು ಜನ ಒಟ್ಟಿಗೆ ಹೊರಡ್ತಾರೆ, ಚಿಪ್ ಸಮಯ ಅಳೆಯುತ್ತೆ, ಪ್ರಾಯೋಜಕರ ಬ್ಯಾನರ್ ಎಲ್ಲೆಲ್ಲೂ. ಸಾಂತಾ ರೋಸಾದಲ್ಲಿ ಲೀವೈ ಲೈಫೈಮರ್ ಹೆಸರಿನದು 2009ರಲ್ಲಿ ಶುರುವಾಯ್ತು. ಹಬ್ಬದ ಗದ್ದಲ ಇಷ್ಟ ಇರೋರಿಗೆ ಚೆನ್ನಾಗಿದೆ. ನನಗೆ ಒಂದು ಸಲ ಸಾಕು.

ಕಷ್ಟದ ಪ್ರಶ್ನೆ ಇರೋದು ದೇಣಿಗೆ ಸವಾರಿಯಲ್ಲಿ. 1994ರ ಮೊದಲ ಕ್ಯಾಲಿಫೋರ್ನಿಯಾ ಏಡ್ಸ್ ರೈಡ್ ಡ್ಯಾನ್ ಪಲೋಟಾ ಅವರ ಕಂಪನಿಯದು. ಏಡ್ಸ್‌ಗೆ ಸರಿಯಾದ ಔಷಧಿ ಇನ್ನೂ ಬಂದಿರದ ಕಾಲ. ಸ್ನೇಹಿತರನ್ನು ಕಳಕೊಂಡವರು, ಸೈಕಲ್ ಮುಟ್ಟಿ ವರ್ಷಗಳಾಗಿದ್ದವರು ಕೂಡ ಬಂದರು. ಅಂಥವರನ್ನು ಬ್ರೆವೆ ಥರ ರಸ್ತೆಯಲ್ಲಿ ಬಿಟ್ಟುಬಿಡೋಕಾಗಲ್ಲ. ಹಾಗಾಗಿ ಟೆಂಟು, ಬಿಸಿನೀರಿನ ಲಾರಿ, ಅಡುಗೆ, ವೈದ್ಯರು, ಮಸಾಜು ಎಲ್ಲವೂ ದಿನಕ್ಕೊಂದು ಊರಿಗೆ ಗಾಡಿ ಕಟ್ಟಬೇಕು. ಸವಾರನ ನೆಂಟರು, ಆಫೀಸಿನವರು ಕೊಟ್ಟ ದುಡ್ಡಲ್ಲಿ ಒಂದು ಪಾಲು ಇದಕ್ಕೇ ಹೋಗುತ್ತೆ. ಎಷ್ಟು ಪಾಲು ಹೋದರೆ ಸರಿ ಅನ್ನೋದೇ ತಕರಾರಾಗಿ, ಸ್ಯಾನ್ ಫ್ರಾನ್ಸಿಸ್ಕೋ ಏಡ್ಸ್ ಫೌಂಡೇಶನ್ ಮತ್ತು ಲಾಸ್ ಏಂಜಲೀಸ್‌ನ ಸಂಸ್ಥೆ ಪಲೋಟಾ ಅವರಿಂದ ಬೇರೆಯಾಗಿ 2002ರಲ್ಲಿ ತಮ್ಮದೇ ಲೈಫ್‌ಸೈಕಲ್ ಹೊರಡಿಸಿದವು. ಇಪ್ಪತ್ತಮೂರು ವರ್ಷದ ನಂತರ ಅದೇ ಖರ್ಚಿನ ಲೆಕ್ಕ ಅವರನ್ನೂ ಹಿಡಿಯಿತು.

ಇದನ್ನು ನೋಡಿ "ಬ್ರೆವೆಯೇ ಶ್ರೇಷ್ಠ, ಖರ್ಚಿಲ್ಲ" ಅನ್ನೋ ಸ್ನೇಹಿತರಿದ್ದಾರೆ. ನಾನು ಒಪ್ಪಲ್ಲ. ಬ್ರೆವೆಗೆ ಖರ್ಚಿಲ್ಲ ನಿಜ, ಆದರೆ ಅದು ಗಟ್ಟಿಗರನ್ನು ಮಾತ್ರ ಕರೆಯುತ್ತೆ. ಆ ಏಳು ದಿನದ ಸವಾರಿ ಸೈಕಲ್ ಗೊತ್ತಿಲ್ಲದ ಸಾವಿರಾರು ಜನರನ್ನು ರಸ್ತೆಗೆ ಇಳಿಸಿತ್ತು, ಅವರಲ್ಲಿ ಎಚ್‌ಐವಿ ಇರೋರೂ ಇದ್ದರು. ಡಿಸೆಂಬರ್‌ನಲ್ಲಿ ನಡೆಯೋ ನಮ್ಮ ಕಡೆಯ ಟೂರ್ ಆಫ್ ನೀಲಗಿರೀಸ್ ಕೂಡ ಹಾಗೇ. 2008ರಿಂದ ಇದೆ. ಲಗೇಜು, ರೂಮು ಎಲ್ಲಾ ನೋಡ್ಕೊಳ್ತಾರೆ, ಅದಕ್ಕೇ ಎಷ್ಟೋ ಜನ ಕಲ್ಹಟ್ಟಿ ಘಾಟಿನ 36 ತಿರುವು ಹತ್ತೋ ಧೈರ್ಯ ಮಾಡ್ತಾರೆ.

ಇನ್ನು, ಬ್ರೆವೆಯಲ್ಲಿ ಯಾರೂ ಏನೂ ಕೊಡಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಬಾಗಲಕೋಟೆ, ವಿಜಯಪುರ ಕಡೆಯವರು ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡ್ಕೊಂಡು ಹೋಗೋದನ್ನು ಕಂಡಿದ್ದರೆ ನಿಮಗೆ ಇದು ಅರ್ಥ ಆಗುತ್ತೆ. ಮಲ್ಲಯ್ಯನ ಭಕ್ತರಿಗೆ ದಾರಿಯ ಊರುಗಳಲ್ಲಿ ದಾಸೋಹ ಇರುತ್ತೆ, ಕಾಲು ಒತ್ತೋರೂ ಇರ್ತಾರೆ. ಬ್ರೆವೆಗಳ ತವರಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ನಲ್ಲೂ ಹಾಗೇ. 1891ರಲ್ಲಿ ರೇಸ್ ಆಗಿ ಶುರುವಾದ ಅದು ಈಗ 1,200 ಕಿಲೋಮೀಟರ್‌ಗೆ 90 ಗಂಟೆಯ ಸವಾರಿ. ಸ್ವಂತ ಸಹಾಯಕರು ಕಂಟ್ರೋಲ್ ಬಿಟ್ಟು ಬೇರೆಲ್ಲೂ ಸಹಾಯ ಮಾಡೋ ಹಾಗಿಲ್ಲ. ಆದರೆ ಹಳ್ಳಿಯವರು ರಾತ್ರಿಯೆಲ್ಲಾ ಮನೆ ಮುಂದೆ ಮೇಜು ಹಾಕ್ಕೊಂಡು ಕಾಫಿ, ದೋಸೆಯಂಥ ಕ್ರೇಪ್ ಕೊಡ್ತಾರೆ. ದುಡ್ಡು ತಗೊಳ್ಳಲ್ಲ. ಮನೆಗೆ ಹೋದಮೇಲೆ ಒಂದು ಪೋಸ್ಟ್‌ಕಾರ್ಡ್ ಹಾಕಿ ಅಂತಾರೆ ಕೆಲವರು. 2019ರಲ್ಲಿ ಭಾರತದಿಂದಲೇ 300ಕ್ಕೂ ಹೆಚ್ಚು ಜನ ಹೋಗಿದ್ದರು. ಮುಂದಿನದು 2027ರ ಆಗಸ್ಟ್‌ನಲ್ಲಿ. ಅದೇ ವರ್ಷ 200, 300, 400, 600 ನಾಲ್ಕನ್ನೂ ಮುಗಿಸಿರಬೇಕು, ಇಲ್ಲೇ ಮಾಡಿ ಇಲ್ಲಾ ರಜೆಗೆ ಬೆಂಗಳೂರಿಗೆ ಹೋದಾಗ ಮಾಡಿ.