ಕಟ್ಟಿದ ಹಲ್ಲೂ ನೆಟ್ಟ ಹಲ್ಲೂ

ಹಲ್ಲು ಹೋದವರು ಕೃತಕದಂತಗಳನ್ನು ಇಡಿಸಿಕೊಳ್ಳುವುದಕ್ಕೆ ನಮ್ಮ ನುಡಿಯಲ್ಲಿ 'ಹಲ್ಲು ಕಟ್ಟಿಸಿಕೊಳ್ಳುವುದು' ಎಂದು ಹೇಳುವ ರೂಢಿಯುಂಟು. ಇಂದಿನ ವೈದ್ಯರು ಮಾಡಿಕೊಡುವ ಪೂರ್ಣದಂತಪಂಕ್ತಿಯಲ್ಲಿ ಕಟ್ಟತಕ್ಕ ದಾರವೂ ಇಲ್ಲ, ತಂತಿಯೂ ಇಲ್ಲ. ಅದು ವಸಡಿನ ಮೇಲೆ ಕುಳಿತಿರುವ ಒಂದು ಅಚ್ಚು ಮಾತ್ರ. ಕಟ್ಟು ಎಂಬ ಧಾತುವಿಗೆ ನಿರ್ಮಾಣಾರ್ಥವೂ ಬಂಧನಾರ್ಥವೂ ಎರಡೂ ಇರುವುದರಿಂದ ಇಲ್ಲಿ ಮೊದಲಿನ ಅರ್ಥವನ್ನೇ ಗ್ರಹಿಸಬಹುದೆಂದು ಯಾರಾದರೂ ಹೇಳಿದರೆ ಅದನ್ನು ನಿರಾಕರಿಸುವಂತಿಲ್ಲ. ಆದರೆ ಶಬ್ದವನ್ನು ಬಿಟ್ಟು ವಸ್ತುವಿನ ಇತಿಹಾಸವನ್ನು ನೋಡಿದಲ್ಲಿ ಬಂಧನವೇ ಪ್ರಥಮವೆಂಬುದು ಸ್ಪಷ್ಟವಾಗುತ್ತದೆ.

ಈಚಿನ ದಶಕಗಳಲ್ಲಿ ಮತ್ತೊಂದು ಬಗೆಯು ಬಳಕೆಗೆ ಬಂದಿದೆ. ದವಡೆಯ ಎಲುಬನ್ನು ಕೊರೆದು, ಅದರಲ್ಲಿ ಟೈಟೇನಿಯಂ ಲೋಹದ ತಿರುಪುಮೊಳೆಯನ್ನು ನೆಟ್ಟು, ಅದು ಎಲುಬಿನೊಡನೆ ಒಂದಾದ ಬಳಿಕ ಮೇಲೆ ಹಲ್ಲನ್ನು ಕೂಡಿಸುವುದು. ವೈದ್ಯರು ಇದನ್ನು ಇಂಪ್ಲಾಂಟ್ ಎನ್ನುತ್ತಾರೆ. ನಾನು 'ನೆಟ್ಟ ಹಲ್ಲು' ಎಂದು ಕರೆಯುವೆನು. ಐವತ್ತು ದಾಟಿದ ಉಪಾಧ್ಯಾಯರು ನಾಲ್ವರು ಸೇರಿದಲ್ಲಿ 'ಕಟ್ಟಿಸುವುದೋ, ನೆಡಿಸುವುದೋ' ಎಂಬ ಪ್ರಶ್ನೆಯು ಇತ್ತೀಚೆಗೆ ಬಾರದೆ ಇರುವುದಿಲ್ಲ. ಆಗ ಕಟ್ಟುವುದು ಪ್ರಾಚೀನ, ನೆಡುವುದು ನವೀನ ಎಂದು ಎಲ್ಲರೂ ಒಪ್ಪಿಕೊಂಡೇ ಮಾತನ್ನಾರಂಭಿಸುತ್ತಾರೆ. ಈ ಅಭಿಪ್ರಾಯವು ಅರ್ಧ ಮಾತ್ರ ಸರಿ ಎಂಬುದನ್ನು ತೋರಿಸುವುದೂ, ಇವೆರಡರ ನಡುವಣ ವಿವೇಚನೆಯು ಹಲ್ಲಿನದಲ್ಲ, ಹಲ್ಲಿನ ನೆಲೆಯದು ಎಂದು ನಿರೂಪಿಸುವುದೂ ಈ ಲೇಖನದ ಉದ್ದೇಶವಾಗಿದೆ.

ನೆಲೆಯ ಮಾತು ನಮ್ಮ ಶಾಸ್ತ್ರದಲ್ಲಿಯೇ ಇದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಅಸ್ಥಿಗಳನ್ನು ೩೬೦ ಎಂದು ಎಣಿಸುವಾಗ ದಂತಗಳು ೩೨ ಎಂದು ಹೇಳಿ, ದಂತೋಲೂಖಲಗಳು ೩೨ ಎಂದು ಅವನ್ನು ಬೇರೆಯಾಗಿಯೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಉಲೂಖಲವೆಂದರೆ ಒರಳು, ಹಲ್ಲು ಕುಳಿತಿರುವ ಎಲುಬಿನ ಗುಣಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವ ಭಾಷೆಯಲ್ಲಿಯೂ ಇದ್ದಂತೆ ನನಗೆ ತೋರುವುದಿಲ್ಲ. ಸುಶ್ರುತನಾದರೋ ಮುಖರೋಗಗಳನ್ನು ೬೫ ಎಂದು ಗಣಿಸಿ, ದಂತಮೂಲದಲ್ಲಿ ೧೫, ದಂತಗಳಲ್ಲಿ ೮ ಎಂದು ವಿಭಾಗಿಸುತ್ತಾನೆ. ರೋಗಗಳು ಹಲ್ಲಿಗಿಂತ ಅದರ ಬುಡದಲ್ಲಿಯೇ ಹೆಚ್ಚು ಎಂಬುದು ಅವನಿಗೆ ತಿಳಿದಿತ್ತು. ಮೇಲಿನ ಹಲ್ಲು ಅಲುಗಾಡುತ್ತಿದ್ದರೂ ಅದನ್ನು ಕೀಳಬಾರದು, ಕಿತ್ತರೆ ರಕ್ತಸ್ರಾವದಿಂದ ಘೋರವಾದ ಉಪದ್ರವಗಳು ಉಂಟಾಗುವುವು ಎಂಬ ನಿಷೇಧವೂ ಚಿಕಿತ್ಸಾಸ್ಥಾನದಲ್ಲಿದೆ. ಹಲ್ಲನ್ನು ಉಳಿಸುವುದು, ಆಗದಿದ್ದಲ್ಲಿ ತೆಗೆಯುವುದು, ಇವೆರಡನ್ನೇ ಅವರು ಶಾಸ್ತ್ರವಾಗಿ ಬರೆದರು. ಹೋದ ಹಲ್ಲಿನ ಸ್ಥಾನದಲ್ಲಿ ಇನ್ನೊಂದನ್ನು ಇಡುವುದು ವೈದ್ಯನ ಕೆಲಸಕ್ಕಿಂತ ಅಕ್ಕಸಾಲಿಯ ಕೆಲಸವಾಗಿತ್ತೆಂದು ಊಹಿಸಬಹುದು. ಇತರ ದೇಶಗಳಲ್ಲಿ ಹಾಗೆಯೇ ಇದ್ದಿತು.

ಇಟಲಿಯ ಎಟ್ರಸ್ಕ ಜನರ ಗೋರಿಗಳಲ್ಲಿ ಕ್ರಿ. ಪೂ. ೭ನೆಯ ಶತಮಾನದಿಂದೀಚಿನ ಚಿನ್ನದ ಪಟ್ಟಿಗಳು ದೊರೆತಿವೆ. ಗಟ್ಟಿಯಾದ ಅಕ್ಕಪಕ್ಕದ ಹಲ್ಲುಗಳನ್ನು ಬಳಸಿ ಪಟ್ಟಿಯನ್ನು ಸುತ್ತಿ, ನಡುವೆ ಬೇರೆಯ ಹಲ್ಲನ್ನು ಸೇರಿಸಿ ಬಿಗಿದಿರುತ್ತಾರೆ. ರೋಮನರ ಹನ್ನೆರಡು ಫಲಕಗಳ ಧರ್ಮಶಾಸನದಲ್ಲಿ (ಕ್ರಿ. ಪೂ. ೪೫೦ರ ಸುಮಾರು) ಹೆಣದೊಡನೆ ಚಿನ್ನವನ್ನು ಹೂಳಬಾರದೆಂದು ವಿಧಿಸಿ, ಹಲ್ಲುಗಳನ್ನು ಬಿಗಿದ ಚಿನ್ನಕ್ಕೆ ಮಾತ್ರ ವಿನಾಯಿತಿಯನ್ನು ಕೊಟ್ಟಿದೆ. ಸತ್ತವನ ಬಾಯಿಂದ ಚಿನ್ನವನ್ನು ಕೀಳುವ ಬಂಧುಗಳು ಆಗಲೂ ಇದ್ದರೆಂದು ಇದರಿಂದ ಅನುಮಾನಿಸುವುದು ತಪ್ಪಾಗಲಾರದು.

ಭಾರತದಲ್ಲಿ ಇದರ ಕುರುಹೊಂದು ಕನ್ನಡ ನಾಡಿನಲ್ಲಿ ಬರೆದ ಗ್ರಂಥದಲ್ಲಿದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಕ್ರಿ. ಶ. ೧೬೦೬ರ ಸುಮಾರಿಗೆ ತನ್ನ ಇತಿಹಾಸವನ್ನು ರಚಿಸಿದ ಫಿರಿಸ್ತಾ ಎಂಬ ಮಹಮ್ಮದ್ ಕಾಸಿಮನು, ಕ್ರಿ. ಶ. ೧೧೯೪ರಲ್ಲಿ ಚಂದಾವರದ ಕಾಳಗದಲ್ಲಿ ಮಡಿದ ಕನೋಜದ ಜಯಚಂದ್ರನ ಶವವನ್ನು, ಚಿನ್ನದಿಂದ ಬಿಗಿದಿದ್ದ ಕೃತಕದಂತಗಳಿಂದ ಗುರುತಿಸಿದರೆಂದು ಹೇಳುತ್ತಾನೆ. ಇದನ್ನು ಪ್ರಮಾಣವಾಗಿ ಹಿಡಿದು ೧೨ನೆಯ ಶತಮಾನದ ಭಾರತದಲ್ಲಿ ದಂತಬಂಧನವಿದ್ದಿತೆಂದು ಬರೆಯುವವರಿದ್ದಾರೆ. ಅದು ಸಾಹಸವೆಂದು ನನ್ನ ಮತ. ಕಾಳಗಕ್ಕೂ ಗ್ರಂಥಕ್ಕೂ ನಾನೂರು ವರ್ಷಗಳ ಅಂತರವಿದೆ. ಸಮಕಾಲೀನನಾದ ಹಸನ್ ನಿಜಾಮಿಯು ಅರಸನಿಗೆ ಬಾಣ ತಗುಲಿತೆಂದೂ, ಅವನ ಶಿರಸ್ಸನ್ನು ಈಟಿಯ ಮೊನೆಯಲ್ಲಿ ಸೇನಾಪತಿಯ ಬಳಿಗೆ ಒಯ್ದರೆಂದೂ ಬರೆದಿದ್ದಾನೆ. ಶಿರಸ್ಸನ್ನು ಗುರುತಿಸಿಯೇ ಒಯ್ದವರಿಗೆ ಹಲ್ಲನ್ನು ಹುಡುಕುವ ಪ್ರಸಕ್ತಿಯೆಲ್ಲಿ? ಆದರೂ ಫಿರಿಸ್ತಾನ ಮಾತು ಪೂರ್ತಿ ನಿಷ್ಪ್ರಯೋಜಕವಲ್ಲ. ಅದು ಜಯಚಂದ್ರನಿಗೆ ಸಾಕ್ಷಿಯಾಗದಿದ್ದರೂ ಫಿರಿಸ್ತಾನಿಗೆ ಸಾಕ್ಷಿ. ೧೭ನೆಯ ಶತಮಾನದ ಮೊದಲಲ್ಲಿ ಬಿಜಾಪುರದ ಆಸ್ಥಾನದಲ್ಲಿ ಕುಳಿತವರಿಗೆ, ಅರಸನೊಬ್ಬನು ಹಲ್ಲನ್ನು ಚಿನ್ನದಿಂದ ಬಿಗಿಸಿಕೊಂಡಿದ್ದನೆಂಬ ಕಥೆಯು ನಂಬತಕ್ಕದ್ದಾಗಿ ಕಂಡಿತು ಎಂಬಷ್ಟನ್ನು ಅದು ಹೇಳುತ್ತದೆ.

ಇನ್ನು ನೆಡುವ ಪಕ್ಷ. ಮಧ್ಯ ಅಮೇರಿಕೆಯ ಹೊಂಡುರಾಸಿನಲ್ಲಿ ಕ್ರಿ. ಶ. ೧೯೩೧ರಲ್ಲಿ ದೊರೆತ, ಸುಮಾರು ಕ್ರಿ. ಶ. ೬೦೦ರದೆಂದು ಎಣಿಸಲ್ಪಟ್ಟಿರುವ ಮಾಯಾ ಜನರ ಕೆಳದವಡೆಯೊಂದರಲ್ಲಿ, ಮುಂದಿನ ಮೂರು ಹಲ್ಲುಗಳ ಗುಣಿಗಳಲ್ಲಿ ಹಲ್ಲಿನ ಆಕಾರಕ್ಕೆ ತೇಯ್ದ ಚಿಪ್ಪಿನ ತುಂಡುಗಳಿವೆ. ಸತ್ತ ಮೇಲೆ ಅಲಂಕಾರಕ್ಕಾಗಿ ಇಟ್ಟದ್ದೆಂದು ಮೊದಲು ತಿಳಿದಿದ್ದರು. ೧೯೭೦ರಲ್ಲಿ ಬ್ರೆಜಿಲಿನ ಅಮದೇವೊ ಬೊಬ್ಬಿಯೊ ಎಂಬ ವಿದ್ವಾಂಸನು ಕ್ಷಕಿರಣದಿಂದ ಪರೀಕ್ಷಿಸಿ, ಆ ಚಿಪ್ಪುಗಳ ಸುತ್ತ ಎಲುಬು ಬೆಳೆದಿರುವುದನ್ನು ತೋರಿಸಿದನು. ಹೆಣದಲ್ಲಿ ಎಲುಬು ಬೆಳೆಯದು. ಆದಕಾರಣ, ಹೆಸರು ತಿಳಿಯದ ಆ ವ್ಯಕ್ತಿಯು ನೆಟ್ಟ ಹಲ್ಲುಗಳೊಡನೆ ಕೆಲವು ಕಾಲ ಬದುಕಿದ್ದಿರಬೇಕು. ನೆಡುವುದು ನವೀನವೆಂಬ ಮಾತು ಇಲ್ಲಿಗೆ ನಿಲ್ಲುತ್ತದೆ. ನವೀನವಾದುದು ನೆಟ್ಟದ್ದು ನಿಲ್ಲುವಂತೆ ಮಾಡುವ ಜ್ಞಾನ ಮಾತ್ರ.

ಹದಿನೆಂಟನೆಯ ಶತಮಾನದ ಯೂರೋಪಿನ ವೃತ್ತಾಂತವನ್ನು ಓದುವಾಗ ಮನಸ್ಸು ಹಿಂಜರಿಯುತ್ತದೆ. ಲಂಡನ್ನಿನ ಜಾನ್ ಹಂಟರನು ಮನುಷ್ಯನ ಹಲ್ಲೊಂದನ್ನು ಹುಂಜದ ಜುಟ್ಟಿನಲ್ಲಿ ನೆಟ್ಟು ಅದು ಅಂಟಿಕೊಂಡುದನ್ನು ಕಂಡು, ಒಬ್ಬರ ಬಾಯಿಯ ಹಲ್ಲನ್ನು ಕಿತ್ತು ಮತ್ತೊಬ್ಬರ ಬಾಯಿಯಲ್ಲಿ ಇಡಬಹುದೆಂದು ಪ್ರತಿಪಾದಿಸಿದನು. ಕೊಡುವವರು ಬಡವರು, ಕೊಳ್ಳುವವರು ಧನಿಕರು. ಜೀವಂತ ಬಾಯಿಂದ ಕಿತ್ತ ಹಲ್ಲು ಹೊಸ ಬಾಯಿಯಲ್ಲಿ ಬಹುಕಾಲ ನಿಲ್ಲುತ್ತಿರಲಿಲ್ಲ. ನಮ್ಮ ಭಾವಪ್ರಕಾಶದಲ್ಲಿ ಫಿರಂಗವೆಂದು ಹೇಳಿರುವ ರೋಗವು ಅದರೊಡನೆ ದಾಟುತ್ತದೆಂಬ ಭಯವೂ ಹುಟ್ಟಿತು. ೧೭೮೭ರಲ್ಲಿ ರೋಲಂಡ್‌ಸನ್ ಎಂಬ ಚಿತ್ರಕಾರನು ಈ ವ್ಯಾಪಾರವನ್ನು ಹಾಸ್ಯಚಿತ್ರದಲ್ಲಿ ಬರೆದಿದ್ದಾನೆ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಮೊದಲನೆಯ ಅಧ್ಯಕ್ಷನಾದ ವಾಷಿಂಗ್ಟನ್ನನ ಬಾಯಿಯಲ್ಲಿ ೧೭೮೯ರಲ್ಲಿ ಅಧಿಕಾರ ಸ್ವೀಕರಿಸುವಾಗ ಒಂದೇ ಹಲ್ಲು ಉಳಿದಿತ್ತು. ಅವನ ಹಲ್ಲಿನ ಕಟ್ಟು ಮರದ್ದೆಂಬುದು ಜನರ ಕಟ್ಟುಕಥೆ; ಅದು ನೀರಾನೆಯ ದಂತದಲ್ಲಿ ಕೆತ್ತಿದ, ಮನುಷ್ಯರ ಹಲ್ಲುಗಳನ್ನು ಕೂಡಿಸಿದ, ಲೋಹದ ಸುರುಳಿಗಳಿಂದ ಎತ್ತಿ ಹಿಡಿದ ಯಂತ್ರ. ೧೭೮೪ರ ಅವನ ಲೆಕ್ಕದ ಪುಸ್ತಕದಲ್ಲಿ ನೀಗ್ರೋ ಜನರಿಗೆ ೯ ಹಲ್ಲುಗಳ ಬಾಬ್ತು ೬ ಪೌಂಡು ೨ ಷಿಲಿಂಗು ಕೊಟ್ಟಂತೆ ಬರೆದಿದೆ. ದಾಸ್ಯದಲ್ಲಿರುವವನು ಮಾರುವ ಹಲ್ಲಿಗೆ ಕ್ರಯವೆಂಬ ಶಬ್ದವು ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಧರ್ಮಶಾಸ್ತ್ರಜ್ಞರು ವಿಚಾರಿಸಬೇಕು. ೧೮೧೫ರಲ್ಲಿ ವಾಟರ್‌ಲೂ ರಣಭೂಮಿಯಲ್ಲಿ ಬಿದ್ದ ಯುವಕರ ಬಾಯಿಗಳಿಂದ ಹಲ್ಲುಗಳನ್ನು ಕಿತ್ತು ಇಂಗ್ಲೆಂಡಿಗೆ ಸಾಗಿಸಿದರು. ಅಂಥ ಹಲ್ಲುಗಳಿಗೆ 'ವಾಟರ್‌ಲೂ ಹಲ್ಲು' ಎಂಬ ಹೆಸರೇ ನಿಂತುಹೋಯಿತು.

ಈ ಹೇಸಿಗೆಯನ್ನು ತೊಲಗಿಸಿದುದು ಪಿಂಗಾಣಿ. ಪ್ಯಾರಿಸಿನ ಬಳಿಯ ಔಷಧವ್ಯಾಪಾರಿಯಾದ ದ್ಯುಶಾತೋ ಎಂಬವನು ತನ್ನ ದಂತದ ಕಟ್ಟು ನಾರುವುದನ್ನು ಸಹಿಸಲಾರದೆ ೧೭೭೪ರ ಸುಮಾರಿಗೆ ಪಿಂಗಾಣಿಯದನ್ನು ಮಾಡಿಸಿದನು. ದ ಶೆಮಾಂ ಅದನ್ನು ತಿದ್ದಿ ಪ್ರಚಾರಪಡಿಸಿದನು. ೧೮೦೮ರಲ್ಲಿ ಫೊಂಜಿ ಎಂಬ ಇಟಲಿಯವನು ಬಿಡಿ ಬಿಡಿಯಾದ ಪಿಂಗಾಣಿಯ ಹಲ್ಲುಗಳನ್ನು ತೋರಿಸಿದನು. ಪೀಠಕ್ಕೆ ೧೯ನೆಯ ಶತಮಾನದ ಮಧ್ಯದಲ್ಲಿ ಗಂಧಕದೊಡನೆ ಬೇಯಿಸಿದ ರಬ್ಬರೂ, ೧೯೩೦ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಎಂಬ ರಾಳವೂ ಬಂದುವು. ಅಂಗುಳಿಗೆ ಹೊಂದುವ ಅಚ್ಚು ಇದ್ದರೆ ಸುರುಳಿಯ ಹಂಗಿಲ್ಲದೆ ಹೀರಿಕೆಯ ಬಲದಿಂದಲೇ ಮೇಲಿನ ಪಂಕ್ತಿಯು ನಿಲ್ಲುತ್ತದೆಂಬುದನ್ನು ಜಪಾನಿನವರು ಬಹು ಹಿಂದೆಯೇ ಅರಿತಿದ್ದರು. ೧೫೩೮ರಲ್ಲಿ ತೀರಿಕೊಂಡ ವಕಯಾಮಾ ಪ್ರಾಂತದ ಬೌದ್ಧಸನ್ಯಾಸಿನಿಯೊಬ್ಬಳ ಮರದ ಪಂಕ್ತಿಯು ಇಂದಿಗೂ ಉಳಿದಿದೆ.

ಆದರೆ ಒರಳು ಬರಿದಾದ ಮೇಲೆ ಸುಮ್ಮನಿರುವುದಿಲ್ಲ. ಹಲ್ಲು ಅಗಿಯುವ ಭಾರವನ್ನು ಬೇರಿನ ಮೂಲಕ ಎಲುಬಿಗೆ ಮುಟ್ಟಿಸುತ್ತಿರುವವರೆಗೆ ಎಲುಬು ಉಳಿದಿರುತ್ತದೆ; ಬೇರು ಹೋದ ಬಳಿಕ ಅದು ಸವೆಯತೊಡಗುತ್ತದೆ. ವಸಡಿನ ಮೇಲಿನಿಂದ ಒತ್ತುವ ಕಟ್ಟು ಈ ಸವೆತವನ್ನು ತಡೆಯಲಾರದು. ತಾಲ್‌ಗ್ರೆನ್ ಎಂಬ ವಿದುಷಿಯು ೨೫ ವರ್ಷಗಳ ಕಾಲ ಕಟ್ಟುಹಲ್ಲಿನವರನ್ನು ಅಳೆದು ೧೯೭೨ರಲ್ಲಿ ಪ್ರಕಟಿಸಿದ ವಿಷಯವೇನೆಂದರೆ, ಕೆಳದವಡೆಯ ಮುಂಭಾಗದ ಸವೆತವು ಮೇಲಿನದಕ್ಕಿಂತ ಸುಮಾರು ನಾಲ್ಕು ಪಾಲು ಹೆಚ್ಚು. ಕೆಳಗಿನ ಪಂಕ್ತಿಗೆ ಅಂಗುಳಿನ ಹೀರಿಕೆಯೂ ಇಲ್ಲ, ಪಕ್ಕದಲ್ಲಿ ನಾಲಗೆಯ ನೂಕಾಟ ಬೇರೆ. ಹತ್ತು ವರ್ಷ ಚೆನ್ನಾಗಿದ್ದ ಕೆಳಗಿನ ಕಟ್ಟು ಹನ್ನೊಂದನೆಯ ವರ್ಷ ಕುಣಿಯತೊಡಗಿದರೆ ಕಟ್ಟಿದವನನ್ನು ದೂರುವುದು ಅನ್ಯಾಯ, ನೆಲವೇ ಕುಸಿದಿರುತ್ತದೆ.

ಆ ನೆಲದಲ್ಲಿ ಬೇರೂರುವ ವಸ್ತುವನ್ನು ೧೮೦೯ರಲ್ಲಿ ಮಾಜಿಯೊಲೊ ಚಿನ್ನದಿಂದಲೂ, ೧೯೧೩ರಲ್ಲಿ ಗ್ರೀನ್‌ಫೀಲ್ಡ್ ಪ್ಲಾಟಿನಂ ಮಿಶ್ರಲೋಹದ ಪಂಜರದಿಂದಲೂ ಪ್ರಯತ್ನಿಸಿದರು. ಸಿದ್ಧಿಯು ದೊರೆತುದು ಹಲ್ಲಿನ ವೈದ್ಯನಲ್ಲದವನಿಗೆ. ಸ್ವೀಡನ್ ದೇಶದ ಬ್ರೋನೆಮಾರ್ಕ್ ೧೯೫೨ರಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ರಕ್ತಸಂಚಾರವನ್ನು ನೋಡುವುದಕ್ಕಾಗಿ ಟೈಟೇನಿಯಂ ಕೊಳವೆಯೊಂದನ್ನು ಕೂಡಿಸಿದ್ದನು. ಕೆಲಸ ಮುಗಿದ ಮೇಲೆ ಬೆಲೆಯುಳ್ಳ ಆ ಕೊಳವೆಯನ್ನು ತೆಗೆಯಹೋದರೆ ಅದು ಬರಲಿಲ್ಲ; ಎಲುಬು ಅದನ್ನು ತನ್ನದಾಗಿ ಮಾಡಿಕೊಂಡಿತ್ತು. ಕಳೆದುಹೋದ ಕೊಳವೆಗಾಗಿ ಮರುಗದೆ ಕಾರಣವನ್ನು ಹುಡುಕಿದುದು ಅವನ ದೊಡ್ಡತನ. ೧೯೬೫ರಲ್ಲಿ ಹುಟ್ಟಿನಿಂದ ಅಂಗುಳು ಸೀಳಿದ್ದ ಯೋಸ್ಟ ಲಾರ್ಸನ್ ಎಂಬಾತನ ಕೆಳದವಡೆಯಲ್ಲಿ ನಾಲ್ಕು ಮೊಳೆಗಳನ್ನು ನೆಟ್ಟನು. ಲಾರ್ಸನ್ ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸಮಾಡುತ್ತಿದ್ದುವು. ೧೯೮೧ರಲ್ಲಿ ಹದಿನೈದು ವರ್ಷಗಳ ಫಲಿತಾಂಶವು ಪ್ರಕಟವಾಗಿ, ೧೯೮೨ರ ಟೊರಾಂಟೊ ಸಮ್ಮೇಳನದ ತರುವಾಯ ಲೋಕವು ಒಪ್ಪಿತು. ಅಮರಕೋಶದ ನಾನಾರ್ಥವರ್ಗದಲ್ಲಿ ದಂತಕ್ಕೂ ವಿಪ್ರನಿಗೂ ಪಕ್ಷಿಗೂ ದ್ವಿಜವೆಂಬ ಒಂದೇ ಹೆಸರು. ನೆಟ್ಟ ಹಲ್ಲನ್ನು ತ್ರಿಜವೆನ್ನಬಹುದೇನೋ.

ಹಾಗಾದರೆ ಕಟ್ಟಿಸತಕ್ಕದ್ದೋ, ನೆಡಿಸತಕ್ಕದ್ದೋ? ನೆಟ್ಟದ್ದು ಹತ್ತು ವರ್ಷಗಳ ತರುವಾಯ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಉಳಿಯುತ್ತದೆ, ಎಲುಬನ್ನೂ ಉಳಿಸುತ್ತದೆ. ಆದರೆ ವ್ಯಯವು ಅಧಿಕ. ಕೊರೆಯಿಸಿಕೊಳ್ಳಬೇಕು, ತಿಂಗಳುಗಟ್ಟಲೆ ಕಾಯಬೇಕು. ಹತೋಟಿಯಲ್ಲಿಲ್ಲದ ಮಧುಮೇಹದವರಿಗೂ ಹೊಗೆಸೊಪ್ಪಿನವರಿಗೂ ಅಪಾಯ ಹೆಚ್ಚು. ಶುಚಿಯಿಲ್ಲದಿದ್ದರೆ ಅದರ ಬುಡವೂ ಕೊಳೆತು ಎಲುಬು ಕರಗುತ್ತದೆ. ಒಂದೆರಡು ಹಲ್ಲು ಹೋದವನಿಗೆ, ಅಕ್ಕಪಕ್ಕದವು ಗಟ್ಟಿಯಾಗಿದ್ದಲ್ಲಿ, ನೆಡುವುದು ಉಚಿತ. ಮೇಲಿನ ಸಾಲೆಲ್ಲ ಹೋದವನು ಒಳ್ಳೆಯ ಕಟ್ಟಿನಿಂದ ಸುಖವಾಗಿರಬಲ್ಲನು. ಕೆಳಗಿನ ಸಾಲೆಲ್ಲ ಹೋದವನಿಗೆ ೨೦೦೨ರಲ್ಲಿ ಮಾಂಟ್ರಿಯಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ವಿದ್ವಾಂಸರು ಸೂಚಿಸಿದ ನಡುದಾರಿಯೇ ನನಗೂ ಸಮ್ಮತ: ಎರಡೇ ಮೊಳೆಗಳನ್ನು ನೆಟ್ಟು ಅವುಗಳ ಮೇಲೆ ತೆಗೆದು ಹಾಕಬಹುದಾದ ಕಟ್ಟನ್ನು ಕೂಡಿಸುವುದು. ಅದು ನೆಟ್ಟು ಕಟ್ಟಿದ್ದು.

ನಮ್ಮಂಥವರಿಗೆ ಅಗಿಯುವುದಕ್ಕಿಂತ ನುಡಿಯುವುದು ಮುಖ್ಯ. ಮೇಲಿನ ಮುಂಬಲ್ಲುಗಳು ಹೋದರೆ ತವರ್ಗವೂ ಸಕಾರವೂ ಕೆಡುತ್ತವೆ, ದಂತೋಷ್ಠ್ಯವಾದ ವಕಾರವು ಬರಿಯ ಓಷ್ಠ್ಯವಾಗುತ್ತದೆ. ಪೂರ್ಣವಾದ ಮೇಲಿನ ಕಟ್ಟು ದಂತ್ಯಗಳನ್ನು ಹಿಂದಕ್ಕೆ ಕೊಡುತ್ತದೆ. ಆದರೆ ಅಂಗುಳನ್ನು ಮುಚ್ಚುವುದರಿಂದ ಚವರ್ಗವೂ ಕನ್ನಡದ ಳಕಾರವೂ ಕೆಲವು ವಾರ ತೊದಲುತ್ತವೆ. ಗಟ್ಟಿಯಾಗಿ ಓದುತ್ತಿದ್ದರೆ ನಾಲಗೆಯು ಹೊಂದಿಕೊಳ್ಳುತ್ತದೆ.

ನನಗೆ ಕಾವ್ಯಪಾಠವನ್ನು ಹೇಳಿದ ಗುರುಗಳಿಗೆ ಅರುವತ್ತರ ಸುಮಾರಿಗೆ ಮೇಲಿನ ಹಲ್ಲುಗಳೆಲ್ಲ ಹೋದುವು. ಕಟ್ಟಿಸಿಕೊಳ್ಳಿರೆಂದು ಶಿಷ್ಯರು ಹಣವನ್ನೂ ಕೂಡಿಸಿದೆವು. 'ಅದು ಎಲುಬು, ಸತ್ತವರದು. ಬಾಯಲ್ಲಿಟ್ಟುಕೊಂಡು ಶ್ಲೋಕ ಹೇಳಲೇ?' ಎಂದು ಅವರು ನಿರಾಕರಿಸಿದರು. ನಾವು ಹಿಂದೆ ಸರಿದು ನಕ್ಕೆವು, ಮೂಢನಂಬಿಕೆಯೆಂದುಕೊಂಡೆವು. ಅವರ ಮಾತು ಮೂಢವಲ್ಲ, ಹಳೆಯದು. ವಾಟರ್‌ಲೂ ಕಾಲಕ್ಕೆ ಅಕ್ಷರಶಃ ಸತ್ಯವಾಗಿದ್ದಿತು. ಅಂದು ನಮ್ಮಲ್ಲಿ ಒಬ್ಬನಿಗಾದರೂ ಈ ಇತಿಹಾಸವು ತಿಳಿದಿದ್ದು, ಈಗಿನದು ಬರಿಯ ರಾಳವೆಂದು ಮರ್ಯಾದೆಯಿಂದ ವಿವರಿಸಿದ್ದರೆ ಅವರು ಒಪ್ಪುತ್ತಿದ್ದರು. ಯುಕ್ತಿಗೆ ಅವರು ಎಂದೂ ಎದುರಾದವರಲ್ಲ. ಸಕಾರವು ತಪ್ಪುತ್ತದೆಂಬ ನಾಚಿಕೆಯಿಂದ ಅವರು ಮೊದಲು ವಾಚನವನ್ನು ಬಿಟ್ಟರು, ಮರುವರ್ಷ ಪಾಠವನ್ನೇ ಬಿಟ್ಟರು.

ಅವರ ಪ್ರಶ್ನೆಯು ಈಗ ಬೇರೊಂದು ಬಾಗಿಲಿನಿಂದ ಒಳಗೆ ಬಂದಿದೆ. ಎಲುಬು ಸವೆದವರಿಗೆ ಮೊಳೆಯನ್ನು ನೆಡುವ ಮೊದಲು ಗುಣಿಯನ್ನು ತುಂಬಿ ಎತ್ತರಿಸುವುದುಂಟು. ತುಂಬುವ ಪುಡಿಯು ಅನೇಕ ವೇಳೆ ಶುದ್ಧಿಮಾಡಿದ ಗೋವಿನ ಎಲುಬಿನಿಂದ ಆದದ್ದು. ರೋಗಿಯ ಮೈಯಿಂದಲೇ ತೆಗೆದ ಎಲುಬೂ, ಸುಣ್ಣದ ಲವಣಗಳಿಂದ ಕೃತಕವಾಗಿ ಮಾಡಿದ ಪುಡಿಯೂ ದೊರೆಯುತ್ತವೆ. ಆದರೆ ಕೇಳಿದವರಿಗಲ್ಲದೆ ಇದನ್ನು ವಿವರಿಸುವ ವೈದ್ಯರು ವಿರಳ. ಕಳೆದ ವರ್ಷ ನನ್ನ ಕೆಳದವಡೆಯ ಎರಡು ಗುಣಿಗಳಿಗಾಗಿ ಆ ಕುರ್ಚಿಯ ಮೇಲೆ ಕುಳಿತಾಗ ನಾನು ಕೇಳಿದ ಮೊದಲನೆಯ ಮಾತು ಅದೇ: ಇದು ಯಾವುದರ ಎಲುಬು?