ಬೀಸುವ ಕಲ್ಲಿನ ಮುಂದಿನ ಬಿಡುವು

ಬಿಡುವು ಸಿಕ್ಕರೆ ನಾವೂ ಒಂದಿಷ್ಟು ಬರೆಯುತ್ತಿದ್ದೆವು ಎಂಬ ಮಾತು ಹೊರನಾಡಿನಲ್ಲಿ ನೆಲೆಸಿದ ನಮ್ಮೆಲ್ಲರ ನಾಲಗೆಯ ಮೇಲಿದೆ. ಕಚೇರಿ, ಲೋಕಲ್ ರೈಲು, ಮಕ್ಕಳ ಶಾಲೆ, ಮನೆಯ ಸಾಲ ಇವುಗಳ ನಡುವೆ ಆ ಬಿಡುವು ಒದಗುವುದೇ ಇಲ್ಲ. ಹೀಗೆ ಹಲುಬುವಾಗಲೆಲ್ಲ ನಮಗೆ ‘ಗರತಿಯ ಹಾಡು’ ನೆನಪಾಗುತ್ತದೆ. ಬಿಡುವೆಂಬುದನ್ನೇ ಕಾಣದ ಹೆಂಗಸರು ಕಟ್ಟಿದ ಹಾಡುಗಳವು.

1931ರಲ್ಲಿ ಪ್ರಕಟವಾದ ಈ ಸಂಕಲನ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಶ್ರಮದ ಫಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರ ಆ ಬಳಗವು ಸುತ್ತಲಿನ ತಾಯಂದಿರ ಬಾಯಲ್ಲಿದ್ದ ಹಾಡುಗಳನ್ನು ಬರಹಕ್ಕಿಳಿಸಿತು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹಾಡಿದ ತ್ರಿಪದಿಗಳೇ ಅವುಗಳಲ್ಲಿ ಹೆಚ್ಚು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಕಲ್ಲಿನ ಮೇಲೆ ಮೂಡಿದ್ದ ಛಂದಸ್ಸು ಅಕ್ಷರವರಿಯದವರ ಮನೆಗಳಲ್ಲಿ ಇನ್ನೊಂದು ಕಲ್ಲಿನ ಮುಂದೆ ಬಾಳಿಕೊಂಡು ಬಂದಿತ್ತು.

ಆ ಬಾಳಿಕೆಯ ಗುಟ್ಟು ಕೆಲಸದ ಲಯದಲ್ಲಿದೆ. ಒಂದು ಕೈ ಗೂಟ ಹಿಡಿದು ಕಲ್ಲನ್ನು ತಿರುಗಿಸುತ್ತದೆ, ಇನ್ನೊಂದು ಕೈ ಹಿಡಿಹಿಡಿಯಾಗಿ ಜೋಳ ಹಾಕುತ್ತದೆ. ಕೈಗಳೆರಡೂ ಕೆಲಸದಲ್ಲಿದ್ದರೂ ಬಾಯಿ ಮತ್ತು ಮನಸ್ಸು ತೆರವಾಗಿರುತ್ತವೆ. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲನ್ನು ಮರಳಿ ಹಾಡಿ ಮೂರನೆಯದಕ್ಕೆ ಹೋಗುವುದು ರೂಢಿ. ಆ ಮರುಕಳಿಕೆಯ ಅವಧಿಯಲ್ಲೇ ಮುಂದಿನ ಸಾಲು ಹೊಳೆಯುತ್ತಿದ್ದಿರಬೇಕು ಎಂದು ನಮಗೆ ತೋರುತ್ತದೆ.

ಬೆಳಗಿನ ಜಾವದಲ್ಲಿ ಮನೆಯವರೆಲ್ಲ ಮಲಗಿರುವಾಗ ಕಲ್ಲಿನ ಸದ್ದೇ ಆಕೆಗೊಂದು ಮರೆ. ಹಗಲಿನಲ್ಲಿ ಆಡಲಾಗದ ಮಾತುಗಳನ್ನು, ತವರಿನ ಹಂಬಲವನ್ನು, ಅಣ್ಣ ಬರಲಿಲ್ಲವೆಂಬ ಕೊರಗನ್ನು, ಹಡೆದವ್ವನ ನೆನಪನ್ನು ಆಕೆ ಅಲ್ಲಿ ಹಾಡಬಹುದಿತ್ತು. ಇದನ್ನು ಕೇವಲ ಸೊಗಸೆಂದು ಕೊಂಡಾಡುವುದು ಅನ್ಯಾಯ. ರಟ್ಟೆ ನೋಯಿಸುವ ದುಡಿಮೆಯದು. ಬೇರೆಲ್ಲಿಯೂ ಎಡೆಯಿರಲಿಲ್ಲವೆಂದೇ ಹಾಡು ಅಲ್ಲಿ ಹುಟ್ಟಿತು.

ಮುಂದೆ ಹಿಟ್ಟಿನ ಗಿರಣಿ ಬಂದಿತು. ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉಳಿದ ಆ ಹೊತ್ತನ್ನು ಬೇರೆ ಕೆಲಸಗಳು ನುಂಗಿದವು, ಹಾಡು ಹಿಂದೆ ಸರಿಯಿತು. ನಮ್ಮ ಪಕ್ಕದ ಮರಾಠಿಯಲ್ಲೂ ಆದದ್ದು ಇದೇ. ಪುಣೆಯಲ್ಲಿ ಹೇಮಾ ರಾಯರ್‌ಕರ್ ಮತ್ತು ಗೀ ಪೊಯಿತೆವಾಂ ಅವರ ತಂಡವು ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಓವಿಗಳನ್ನು ಸಂಗ್ರಹಿಸಿತು. ಅಲ್ಲಿ ಹಾಡಿದವರ ಹೆಸರು, ಊರುಗಳೂ ದಾಖಲಾಗಿವೆ. ನಮ್ಮ ಗರತಿಗೆ ‘ಗರತಿ’ ಎಂಬುದೇ ಹೆಸರಾಗಿ ಉಳಿಯಿತು.

ಕೊಟ್ಟ ಮನೆಯಲ್ಲಿ ಬಾಳುತ್ತ ತವರನ್ನು ಹಾಡಿದವಳ ಪಾಡು ನಮಗೆ ಹೊರಗಿನದೇನಲ್ಲ. ನಾವೂ ಪರಭಾಷೆಯ ಊರಿನಲ್ಲಿ ಅನ್ನ ಸಂಪಾದಿಸಿ ಕನ್ನಡವನ್ನು ತವರಿನಂತೆ ನೆನೆಯುವವರು. ಕೈ ದುಡಿಯುತ್ತಿದ್ದರೂ ಮನಸ್ಸು ತೆರವಾಗಿರುವ ಹೊತ್ತು ನಮ್ಮ ದಿನದಲ್ಲೂ ಇದೆ: ಕುಕ್ಕರಿನ ಸೀಟಿಗೆ ಕಾಯುವಾಗ, ಬಟ್ಟೆ ಮಡಚುವಾಗ, ರೈಲಿನ ಕಂಬಿ ಹಿಡಿದು ನಿಂತಾಗ. ಆ ಹೊತ್ತನ್ನು ನಾವೀಗ ಮೊಬೈಲಿಗೆ ಒಪ್ಪಿಸಿದ್ದೇವೆ. ಅದರಲ್ಲಿ ಮೂರು ಸಾಲಿನಷ್ಟನ್ನಾದರೂ ಮರಳಿ ಪಡೆಯೋಣ. ಬರೆದದ್ದರ ಕೆಳಗೆ ನಮ್ಮ ಹೆಸರನ್ನೂ ಬರೆಯೋಣ.