ಬೂದಿಕೋಟೆಯ ‘ನಮ್ಮ ಧ್ವನಿ’

ಹೈದರಾಲಿಯ ಹುಟ್ಟೂರೆಂದು ಹೆಸರಾದ ಕೋಲಾರ ಜಿಲ್ಲೆಯ ಬೂದಿಕೋಟೆಯ ಸಮುದಾಯ ಬಾನುಲಿಯಿದು. ಯುನೆಸ್ಕೋ ನೆರವಿನಿಂದ ಮೈರಾಡಾ, ವಾಯ್ಸಸ್ ಸಂಸ್ಥೆಗಳು ಇದನ್ನು ಕಟ್ಟಿದವು. ಬಾನುಲಿ ಅಲೆಗಳು ಸಾರ್ವಜನಿಕ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪಿತ್ತಿದ್ದರೂ, 2003ರ ಹೊತ್ತಿಗೆ ಸಮುದಾಯ ಬಾನುಲಿಯ ಪರವಾನಗಿ ವಿದ್ಯಾಸಂಸ್ಥೆಗಳಿಗಷ್ಟೇ ಮೀಸಲಾಗಿತ್ತು. ಆದುದರಿಂದ ಟಿ.ವಿ. ಕೇಬಲ್ ತಂತಿಯ ಮೂಲಕವೇ ಊರವರ ದನಿ ಮನೆಮನೆಗೆ ಹರಿಯಿತು. ಕುಡಿಯುವ ನೀರಿಗೆ ತೊಂದರೆಯಾದಾಗ ಹೆಂಗಸರ ದೂರನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿ ಬಿತ್ತರಿಸಲಾಯಿತು. ಕೆಲವೇ ದಿನಗಳಲ್ಲಿ ಕೊಳವೆ ದುರಸ್ತಿಯಾಯಿತು.

2006ರ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ನೀಡಲೊಪ್ಪಿತಾದರೂ ಸುದ್ದಿಯನ್ನೂ ರಾಜಕೀಯ ವಿದ್ಯಮಾನಗಳ ಚರ್ಚೆಯನ್ನೂ ನಿಷೇಧಿಸಿತು. ಪಂಚಾಯಿತಿಯ ಹೆಸರೆತ್ತದೆ ನಲ್ಲಿಯ ನೀರಿನ ಮಾತಾಡುವುದೆಂತೋ! ಪುಣೆ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಆರಂಭವಾದ ‘ವಿದ್ಯಾವಾಣಿ’ಗೂ ಇದೇ ಕಟ್ಟಳೆ ಅನ್ವಯಿಸಿತು.